ಸ್ವಾಹಿಲಿ ಕ್ರಿಯಾಪದ ಕಟ್ಟುವುದು ಹೇಗೆ: ಕನ್ನಡ ಬಲ್ಲವರಿಗೊಂದು ಕೈಪಿಡಿ

ಕನ್ನಡದಲ್ಲಿ "ಓದುತ್ತೇನೆ" ಎಂದರೆ ಸಾಕು. ಓದುವುದು ಯಾರು ಎಂದು ಬೇರೆ ಹೇಳಬೇಕಾಗಿಲ್ಲ, ಕೊನೆಯ "ಏನೆ" ಅದನ್ನು ಹೇಳಿಬಿಡುತ್ತದೆ. ಪೂರ್ವ ಆಫ್ರಿಕದ ಭಾಷೆಯಾದ ಸ್ವಾಹಿಲಿಯಲ್ಲೂ ಒಂದೇ ಪದದಲ್ಲಿ ಎಲ್ಲ ಮುಗಿಯುತ್ತದೆ, ಆದರೆ ಸಾಲು ತಿರುಗುಮುರುಗು. ನಮ್ಮದು ಓದು-ತ್ತ್-ಏನೆ: ಮೊದಲು ಧಾತು, ಆಮೇಲೆ ಕಾಲ, ಕೊನೆಗೆ ಯಾರು. ಅವರದು ನಿ-ನ-ಸೊಮ: ಮೊದಲು ಯಾರು, ಆಮೇಲೆ ಕಾಲ, ಕೊನೆಗೆ ಧಾತು.

ಸ್ವಾಹಿಲಿ ಪಾಠಗಳು ಹೆಚ್ಚಾಗಿ ಸಿಗುವುದು ಇಂಗ್ಲಿಷ್‌ನಲ್ಲಿ. ಇಂಗ್ಲಿಷ್‌ನಲ್ಲಿ ಇಂಥ ಕಟ್ಟಡವೇ ಇಲ್ಲದ್ದರಿಂದ ಅಲ್ಲಿ ಪುಟಗಟ್ಟಲೆ ವಿವರಣೆ ಬೇಕಾಗುತ್ತದೆ. ಕನ್ನಡದವರು ಆ ಸುತ್ತುದಾರಿ ಹಿಡಿಯಬೇಕಿಲ್ಲ. ನೇರ ಕನ್ನಡದ ಪಕ್ಕದಲ್ಲೇ ಇಟ್ಟು ನೋಡಿದರೆ ಅರ್ಧ ವ್ಯಾಕರಣ ಪರಿಚಯದ್ದೇ ಅನ್ನಿಸುತ್ತದೆ. ಎಡವುವ ಜಾಗಗಳು ಮಾತ್ರ ಬೇರೆ.

ಓದುವ ಮೊದಲು

ಇಂದು ಸ್ವಾಹಿಲಿ ಬರೆಯುವುದು ರೋಮನ್ ಲಿಪಿಯಲ್ಲಿ. 1930ರಲ್ಲಿ ಪೂರ್ವ ಆಫ್ರಿಕದ ಪ್ರದೇಶಗಳಿಗೆಲ್ಲ ಒಂದೇ ಶಿಷ್ಟ ರೂಪ ತರಲು ಸಮಿತಿ ರಚನೆಯಾದಾಗ ಜಾಂಜಿಬಾರ್ ಪಟ್ಟಣದ ಮಾತನ್ನು ಬುನಾದಿಯಾಗಿ ಇಟ್ಟುಕೊಂಡಿದ್ದರು. ಶಾಲೆ, ಪತ್ರಿಕೆಗಳ ಆ ಶಿಷ್ಟ ರೂಪವನ್ನೇ ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ.

ಸ್ವರಗಳು ಐದೇ: ಅ, ಎ, ಇ, ಒ, ಉ. ಇಲ್ಲಿ ಎಲ್ಲವನ್ನೂ ಹ್ರಸ್ವವಾಗಿ ಬರೆದಿದೆ. "ಅ"ಕಾರಕ್ಕೆ ಮಾತ್ರ "ಆ" ಎನ್ನುವಷ್ಟೇ ಬಾಯಿ ತೆರೆಯಿರಿ, ಆದರೆ ಎಳೆಯಬೇಡಿ. ಒತ್ತು ಯಾವಾಗಲೂ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ: ಕಿ-ತ-ಬು (ಪುಸ್ತಕ), ನಿ-ನ-ಸೊ-ಮ. ಬಾಲಕ್ಕೆ ಏನಾದರೂ ಸೇರಿದರೆ ಒತ್ತೂ ಬಾಲದ ಕಡೆಗೆ ಸರಿಯುತ್ತದೆ: ಅಂ-ದಿ-ಕ (ಬರೆ), ಅಂ-ದಿ-ಕಿ-ಅ (ಒಬ್ಬರಿಗಾಗಿ ಬರೆ). "ತ" ಎಂದು ಬರೆದಿರುವ ಸದ್ದು ನಮ್ಮ ತ, ಟ ಎರಡರ ನಡುವಿನದು.

ಇನ್ನೊಂದು ಎಚ್ಚರಿಕೆ. ಎರಡು ಸ್ವರ ಒತ್ತಟ್ಟಿಗೆ ಬಂದರೆ ಕನ್ನಡದ ನಾಲಿಗೆ ತಾನಾಗಿಯೇ ಯಕಾರಾಗಮ, ವಕಾರಾಗಮ ಮಾಡಿಬಿಡುತ್ತದೆ. ನುನುಅ (ಕೊಳ್ಳು) ಎನ್ನುವುದನ್ನು "ನುನುವ" ಎಂದರೆ ಕೇಳುವವರಿಗೆ ಅದು ಕರ್ಮಣಿ ರೂಪವಿರಬಹುದೇ ಎಂಬ ಅನುಮಾನ ಬರುತ್ತದೆ, ಏಕೆಂದರೆ "ವ" ಅಲ್ಲಿ ಕರ್ಮಣಿಯ ಗುರುತು. ಸ್ವರಗಳನ್ನು ಬಿಡಿಬಿಡಿಯಾಗಿ ಹೇಳಿ.

ಮೊದಲ ಎರಡು ಖಾನೆ: ಯಾರು, ಯಾವಾಗ

"ಯಾರು" ಖಾನೆಗೆ ಆರು ಗುರುತು: ನಿ (ನಾನು), ಉ (ನೀನು), ಅ (ಅವನು, ಅವಳು), ತು (ನಾವು), ಮ್ (ನೀವು, ಬಹುವಚನ), ವ (ಅವರು). ಗಂಡು ಹೆಣ್ಣಿನ ಭೇದ ಕ್ರಿಯಾಪದದಲ್ಲಿಲ್ಲ. "ಅನಸೊಮ" ಎಂದರೆ ಓದುತ್ತಾನೆಯೂ ಹೌದು, ಓದುತ್ತಾಳೆಯೂ ಹೌದು. ಒಬ್ಬ ಹಿರಿಯರ ಜೊತೆ ಮಾತಾಡುವಾಗಲೂ "ಉ" ಸಾಕು. ಗೌರವಕ್ಕೆಂದು ಬಹುವಚನದ "ಮ್" ಹಚ್ಚಿದರೆ ಅವರು ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿಯಾರು. ಮರ್ಯಾದೆ ತೋರುವುದು ಸಂಬೋಧನೆಯಲ್ಲಿ, ವಂದನೆಯಲ್ಲಿ.

"ಯಾವಾಗ" ಖಾನೆಗೆ ಮೊದಲು ನಾಲ್ಕು ಕಲಿಯಿರಿ: ನ (ಈಗ), ಲಿ (ಆಗಿಹೋದದ್ದು), ತ (ಮುಂದೆ), ಮೆ (ಆಗಿದೆ). ನಿನಸೊಮ, ನಿಲಿಸೊಮ, ನಿತಸೊಮ, ನಿಮೆಸೊಮ: ಓದುತ್ತೇನೆ, ಓದಿದೆ, ಓದುವೆನು, ಓದಿದ್ದೇನೆ.

ಕನ್ನಡದವರ ಮೊದಲ ತಪ್ಪು ಇಲ್ಲೇ. ನಾವು "ನಾಳೆ ಬರುತ್ತೇನೆ" ಎಂದು ವರ್ತಮಾನದಲ್ಲೇ ಭವಿಷ್ಯ ಹೇಳಿಬಿಡುತ್ತೇವೆ. ಅದನ್ನೇ "ನಿನಕುಜ" ಎಂದರೆ "ಬರುತ್ತಿದ್ದೇನೆ, ದಾರಿಯಲ್ಲಿದ್ದೇನೆ" ಎಂದಾಗುತ್ತದೆ. ನಾಳೆಗೆ "ತ" ಬೇಕು: ನಿತಕುಜ ಕೆಶೊ. ಓದುತ್ತೇನೆ, ಓದುತ್ತಿದ್ದೇನೆ ಎರಡಕ್ಕೂ "ನ" ನಡೆಯುತ್ತದೆ; ನಾಳೆಗೆ ಮಾತ್ರ ನಡೆಯದು. ದಿನವೂ ಮಾಡುವ ರೂಢಿಗೆ "ಹು" ಎಂಬ ಇನ್ನೊಂದು ಗುರುತಿದೆ. ಅದು ಬಂದರೆ "ಯಾರು" ಖಾನೆ ಖಾಲಿ: ಹುಸೊಮ ಎಂದರೆ ಓದುವ ಅಭ್ಯಾಸವಿದೆ; ಯಾರಿಗೆ ಎನ್ನುವುದನ್ನು ಬೇರೆ ಪದದಲ್ಲಿ ಹೇಳಬೇಕು.

"ಮೆ" ವಿಷಯದಲ್ಲಿ ಮಾತ್ರ ನಮಗೆ ಅದೃಷ್ಟ. ಮಲಗಿರುವವನನ್ನು ತೋರಿಸಿ "ಮಲಗುತ್ತಿದ್ದಾನೆ" ಎಂದು ಕನ್ನಡದಲ್ಲಿ ಹೇಳುವುದಿಲ್ಲ, "ಮಲಗಿದ್ದಾನೆ" ಎನ್ನುತ್ತೇವೆ. ಸ್ವಾಹಿಲಿಯೂ ಅದನ್ನೇ ಹೇಳುತ್ತದೆ: ಅಮೆಲಲ. ನಿಂತಿದ್ದಾಳೆ: ಅಮೆಸಿಮಮ. ಸುಸ್ತಾಗಿದೆ: ನಿಮೆಚೊಕ. "ನಿನಚೊಕ" ಎಂದರೆ ಸುಸ್ತಾಗುತ್ತಾ ಬರುತ್ತಿದೆ ಎಂದಾಯಿತು. ಒಂದು ಕೆಲಸ ಮುಗಿದು ಅದರ ಸ್ಥಿತಿ ಉಳಿದಿದ್ದರೆ "ಮೆ" ಎಂದು ನೆನಪಿಟ್ಟರೆ ತಪ್ಪಾಗುವುದಿಲ್ಲ.

ಇಲ್ಲ ಎನ್ನುವುದು

ನಿಷೇಧದಲ್ಲಿ ತಲೆಗೆ "ಹ" ಬರುತ್ತದೆ: ಹತು (ನಾವು), ಹಮ್ (ನೀವು), ಹವ (ಅವರು). ಹ+ಉ ಕೂಡಿ ಹು (ನೀನು), ಹ+ಅ ಕೂಡಿ ಹ (ಅವನು, ಅವಳು). "ನಾನು" ಒಂದೇ ದಾರಿ ತಪ್ಪಿದ್ದು, ಅದು "ಸಿ".

ಕಷ್ಟ ಇರುವುದು ತಲೆಯಲ್ಲಲ್ಲ, ಕಾಲದ ಖಾನೆಯಲ್ಲಿ. ಭವಿಷ್ಯದ "ತ" ಅಲುಗುವುದಿಲ್ಲ: ಸಿತಸೊಮ. ಭೂತದ "ಲಿ" ಹೋಗಿ "ಕು" ಬರುತ್ತದೆ: ಸಿಕುಸೊಮ. "ಮೆ" ಹೋಗಿ "ಜ" ಬರುತ್ತದೆ: ಸಿಜಸೊಮ. ವರ್ತಮಾನದಲ್ಲಿ ಖಾನೆಯೇ ಖಾಲಿಯಾಗಿ, ಪದದ ಕೊನೆಯ "ಅ" "ಇ" ಆಗುತ್ತದೆ: ಸಿಸೊಮಿ. ಹೊಸಬರು "ಸಿನಸೊಮ" ಎನ್ನುತ್ತಾರೆ, ಅಂಥ ರೂಪವಿಲ್ಲ.

"ಕು" ಮತ್ತು "ಜ" ನಡುವಿನ ಅಂತರ ನಮ್ಮ "ಓದಲಿಲ್ಲ", "ಓದಿಲ್ಲ" ನಡುವಿನದೇ. ಸಿಕುಸೊಮ: ಓದಲಿಲ್ಲ, ಆ ಮಾತು ಮುಗಿಯಿತು. ಸಿಜಸೊಮ: ಇನ್ನೂ ಓದಿಲ್ಲ, ಓದಬಹುದು. "ಉಮೆಕುಲ?" (ಊಟ ಆಯಿತಾ?) ಎಂದು ಕೇಳಿದರೆ ಉತ್ತರ "ಬದೊ, ಸಿಜಲ" (ಇನ್ನೂ ಇಲ್ಲ, ಆಗಿಲ್ಲ).

ಅರಬ್ಬಿಯಿಂದ ಬಂದ ಹೆಚ್ಚಿನ ಧಾತುಗಳು ಅ-ಕಾರಾಂತವಲ್ಲ: ಫಿಕಿರಿ (ಯೋಚಿಸು), ಜಿಬು (ಉತ್ತರಿಸು), ಸಮೆಹೆ (ಕ್ಷಮಿಸು), ಸಹಉ (ಮರೆ). ಇವುಗಳ ಬಾಲ ನಿಷೇಧದಲ್ಲಿ ಬದಲಾಗದು. ಸಿಫಿಕಿರಿ ಎಂದರೆ ಯೋಚಿಸುವುದಿಲ್ಲ, ಅಷ್ಟೇ.

ಒಂದು ಜೋಡಿಯನ್ನು ಕಿವಿಗೊಟ್ಟು ಕೇಳಿ: ಹುಸೊಮ, ಹುಸೊಮಿ. ಮೊದಲನೆಯದು "ಓದುವ ರೂಢಿ ಇದೆ", ಎರಡನೆಯದು "ನೀನು ಓದುವುದಿಲ್ಲ". ಕೊನೆಯ ಒಂದು ಸ್ವರದಲ್ಲಿ ಹೌದು ಇಲ್ಲವಾಗುತ್ತದೆ.

ಗಿಡ್ಡ ಧಾತುಗಳ ತಕರಾರು

ಧಾತುವಿಗೆ ಮುಂದೆ "ಕು" ಹಚ್ಚಿದರೆ "ಮಾಡುವುದು" ಎಂಬ ಅರ್ಥ: ಕುಸೊಮ, ಓದುವುದು. ಈಗ ಕುಲ (ತಿನ್ನುವುದು), ಕುಜ (ಬರುವುದು), ಕುನ್ಯ್ವ (ಕುಡಿಯುವುದು), ಕುಫ (ಸಾಯುವುದು), ಕುವ (ಇರುವುದು) ನೋಡಿ. ಇಲ್ಲಿ ಕುಲ ಎಂದರೆ ವಂಶವೂ ಅಲ್ಲ, ಕುಜ ಎಂದರೆ ಮಂಗಳ ಗ್ರಹವೂ ಅಲ್ಲ. "ಕು" ತೆಗೆದರೆ ಉಳಿಯುವುದು ಬರೀ ಲ, ಜ. ನಿಯಮದಂತೆ "ನಿನಲ" ಆಗಬೇಕಿತ್ತು. ಆಗುವುದಿಲ್ಲ, ಏಕೆಂದರೆ ಒತ್ತು ಆಗ "ನ" ಮೇಲೆ ಬೀಳುತ್ತದೆ, ಮತ್ತು ನ, ಲಿ, ತ, ಮೆ ಈ ನಾಲ್ಕೂ ಒತ್ತು ಹೊರಲಾರವು. ಹೊರೆ ಹೊರಲು "ಕು" ಉಳಿದುಕೊಳ್ಳುತ್ತದೆ: ನಿನಕುಲ, ನಿಲಿಕುಲ, ನಿತಕುಲ, ನಿಮೆಕುಲ.

ಕಾರಣ ಗೊತ್ತಿದ್ದರೆ ಉಳಿದದ್ದು ಬಾಯಿಪಾಠ ಬೇಕಿಲ್ಲ. ಒತ್ತು ಹೊರಬಲ್ಲದ್ದು ಬೇರೆ ಸಿಕ್ಕಿದ ಕಡೆ "ಕು" ಜಾಗ ಖಾಲಿ ಮಾಡುತ್ತದೆ: ಸಿಲಿ (ತಿನ್ನುವುದಿಲ್ಲ), ಸಿಜಲ (ತಿಂದಿಲ್ಲ), ಹುಲ (ತಿನ್ನುವ ರೂಢಿ), ಉಕಿಜ (ನೀನು ಬಂದರೆ; ಇಲ್ಲಿ ಕಾಲದ ಖಾನೆಯ "ಕಿ" ನಮ್ಮ "-ರೆ"). ಸಿಕುಲ (ತಿನ್ನಲಿಲ್ಲ) ಎನ್ನುವಲ್ಲಿ ಕಾಣುವ "ಕು" ಭೂತ ನಿಷೇಧದ್ದು. ಇನ್ನೊಂದು "ಕು" ಸೇರಿಸಿ "ಸಿಕುಕುಲ" ಮಾಡಬೇಡಿ. ಹಾಗೆಂದರೆ "ನಿನ್ನನ್ನು ತಿನ್ನಲಿಲ್ಲ" ಎಂದಾಗುತ್ತದೆ. ಮುಂದಿನ ಖಾನೆ ನೋಡಿದರೆ ಯಾಕೆಂದು ತಿಳಿಯುತ್ತದೆ.

ಮೂರನೆಯ ಖಾನೆ: ಯಾರನ್ನು, ಯಾವುದನ್ನು

ಕಾಲಕ್ಕೂ ಧಾತುವಿಗೂ ನಡುವೆ ಕರ್ಮದ ಗುರುತು ಕೂರುತ್ತದೆ. ಕನ್ನಡದ ಕ್ರಿಯಾಪದದಲ್ಲಿ ಈ ಖಾನೆಯೇ ಇಲ್ಲ. ನಿ (ನನ್ನನ್ನು), ಕು (ನಿನ್ನನ್ನು), ಮ್ ಅಥವಾ ಸ್ವರದ ಮುಂದೆ ಮ್ವ್ (ಅವನನ್ನು, ಅವಳನ್ನು), ತು (ನಮ್ಮನ್ನು), ವ (ಅವರನ್ನು). ನಿ-ನ-ಕು-ಪೆಂದ: ನಿನ್ನನ್ನು ಪ್ರೀತಿಸುತ್ತೇನೆ. ಸಿ-ಕು-ಕು-ಒನ: ನಿನ್ನನ್ನು ನೋಡಲಿಲ್ಲ; ಮೊದಲ "ಕು" ಕಾಲ, ಎರಡನೆಯದು ನೀನು. ಒಂದೇ ಸದ್ದಿಗೆ ಅರ್ಥ ಕೊಡುವುದು ಅದು ಕೂತ ಜಾಗ.

ಯಾವಾಗ ಹಚ್ಚಬೇಕು ಎಂಬ ಪ್ರಶ್ನೆಗೆ ಕನ್ನಡದ ದ್ವಿತೀಯಾ ವಿಭಕ್ತಿಯೇ ಉತ್ತರ. "ಪುಸ್ತಕ ಕೊಂಡೆ" ಎಂದರೆ ಯಾವುದೋ ಒಂದು. "ಪುಸ್ತಕವನ್ನು ಕೊಂಡೆ" ಎಂದರೆ ಮಾತಿನಲ್ಲಿದ್ದ ಆ ಪುಸ್ತಕ. ಸ್ವಾಹಿಲಿಯಲ್ಲಿ ನಿಲಿನುನುಅ ಕಿತಬು, ನಿಲಿಕಿನುನುಅ ಕಿತಬು. ಎರಡನೆಯದರ "ಕಿ" (ಕಿತಬು ಸೇರಿದ ಗುಂಪಿನ ಗುರುತು, ಗುಂಪುಗಳನ್ನು ಮುಂದೆ ನೋಡೋಣ) ನಮ್ಮ "ಅನ್ನು" ಮಾಡುವ ಕೆಲಸವನ್ನೇ ಮಾಡುತ್ತಿದೆ. ಮನುಷ್ಯರ ವಿಷಯದಲ್ಲಿ ನಾವು "ಮೇಷ್ಟ್ರು ನೋಡಿದೆ" ಎನ್ನಲಾರೆವು, "ಮೇಷ್ಟ್ರನ್ನು" ಎನ್ನಲೇಬೇಕು. ಅಲ್ಲಿಯೂ ಹಾಗೇ: ನಿಲಿಮ್ವೊನ ಮ್ವಲಿಮು. "ನಿಲಿಒನ ಮ್ವಲಿಮು" ಕಿವಿಗೆ ಚುಚ್ಚುತ್ತದೆ. ಈ ಹೋಲಿಕೆ ಎಲ್ಲ ಕಡೆಯೂ ಕೂದಲೆಳೆ ತಪ್ಪದೆ ಕೂರುತ್ತದೆ ಎನ್ನಲಾಗದು, ಆದರೆ ಶುರುವಿಗೆ ಇದಕ್ಕಿಂತ ಒಳ್ಳೆಯ ಸೂತ್ರ ಸಿಗುವುದು ಕಷ್ಟ.

ಖಾನೆ ಒಂದೇ, ಗುರುತೂ ಒಂದೇ. ಕೊಡುವ ವಸ್ತು, ಪಡೆಯುವ ವ್ಯಕ್ತಿ ಇಬ್ಬರೂ ಇದ್ದರೆ ವ್ಯಕ್ತಿಗೆ ಜಾಗ: ಅಲಿನಿಪ ಕಿತಬು, ನನಗೆ ಪುಸ್ತಕ ಕೊಟ್ಟ. ಈ ಖಾನೆ ತುಂಬಿದಾಗ ಗಿಡ್ಡ ಧಾತುವಿನ "ಕು" ಬಿದ್ದುಹೋಗುತ್ತದೆ. ಒತ್ತು ಹೊರಲು ಕರ್ಮದ ಗುರುತು ಬಂತಲ್ಲ. "ನಿನಕಿಕುಲ" ಅಲ್ಲ, ನಿನಕಿಲ ಚಕುಲ (ಊಟವನ್ನು ತಿನ್ನುತ್ತೇನೆ; ಚಕುಲ ಕೂಡ "ಕಿ" ಗುಂಪಿನದೇ). ತನ್ನನ್ನು ತಾನೇ ಎನ್ನಲು ಇದೇ ಖಾನೆಗೆ "ಜಿ": ಫುಂಜ಼ ಕಲಿಸು, ಜಿಫುಂಜ಼ ಕಲಿ.

ನಾಮಪದದ ಗುಂಪುಗಳು

ಇದು ಕನ್ನಡದಿಂದ ಸಹಾಯ ಸಿಗದ ಭಾಗ, ನಿಧಾನವಾಗಿ ಹೋಗಿ. ನಾವು ಅವನು, ಅವಳು, ಅದು ಎಂದು ಮೂರು ಮಾಡಿದ್ದೇವೆ. ಸ್ವಾಹಿಲಿ ನಾಮಪದಗಳನ್ನು ತಲೆಯ ಅಕ್ಷರದ ಮೇಲೆ ಹತ್ತಾರು ಗುಂಪು ಮಾಡಿದೆ, ಕ್ರಿಯಾಪದದ "ಯಾರು" ಖಾನೆ ಆ ಗುಂಪಿಗೆ ತಕ್ಕಂತೆ ಬದಲಾಗುತ್ತದೆ. "ಬಿದ್ದಿದೆ" ಎನ್ನುವ ಒಂದೇ ಮಾತನ್ನು ಸುತ್ತಿಸಿ ನೋಡೋಣ. ಧಾತು ಅಂಗುಕ.

ಮ್ತು ಅಮೆಅಂಗುಕ, ವತು ವಮೆಅಂಗುಕ (ಮನುಷ್ಯ, ಮನುಷ್ಯರು). ಮ್ತಿ ಉಮೆಅಂಗುಕ, ಮಿತಿ ಇಮೆಅಂಗುಕ (ಮರ, ಮರಗಳು). ತುಂದ ಲಿಮೆಅಂಗುಕ, ಮತುಂದ ಯಮೆಅಂಗುಕ (ಹಣ್ಣು, ಹಣ್ಣುಗಳು). ಕಿತಬು ಕಿಮೆಅಂಗುಕ, ವಿತಬು ವಿಮೆಅಂಗುಕ (ಪುಸ್ತಕ, ಪುಸ್ತಕಗಳು). ನ್ಯುಂಬ ಇಮೆಅಂಗುಕ, ನ್ಯುಂಬ ಜ಼ಿಮೆಅಂಗುಕ (ಮನೆ, ಮನೆಗಳು, ಇಲ್ಲಿ ನಾಮಪದ ಬದಲಾಗದು, ಎಷ್ಟು ಎಂದು ಹೇಳುವುದು ಕ್ರಿಯಾಪದ ಮಾತ್ರ). ಉಕುತ ಉಮೆಅಂಗುಕ, ಕುತ ಜ಼ಿಮೆಅಂಗುಕ (ಗೋಡೆ, ಗೋಡೆಗಳು). ಕನ್ನಡದಲ್ಲಿ ಎರಡಕ್ಕೂ "ವ" ಎಂದೇ ಬರೆದರೂ ವತು, ವಿತಬು ಎನ್ನುವಲ್ಲಿ ಸದ್ದು ಬೇರೆ: ಮೊದಲನೆಯದು ಎರಡೂ ತುಟಿ ದುಂಡಗೆ ಮಾಡಿ, ಎರಡನೆಯದು ಹಲ್ಲನ್ನು ತುಟಿಗೆ ತಾಗಿಸಿ.

ಕಿತಬು ಅರಬ್ಬಿಯ ಪದ, ಅಲ್ಲಿ "ಕಿ" ಧಾತುವಿನದೇ ಭಾಗ. ಸ್ವಾಹಿಲಿ ಅದನ್ನು ತನ್ನ ಕಿ-ಗುಂಪಿನ ಗುರುತು ಎಂದುಕೊಂಡು ಬಹುವಚನ ವಿತಬು ಮಾಡಿಬಿಟ್ಟಿತು. ಗುಂಪಿನ ಹಿಡಿತ ಅಷ್ಟು ಗಟ್ಟಿ.

ಪ್ರಾಣಿಗಳ ಹೆಸರು ಯಾವ ಗುಂಪಿನ ಹಾಗೆ ಕಂಡರೂ ಹೊಂದಾಣಿಕೆ ಮನುಷ್ಯರ ಅ/ವ. ಕಿಬೊಕೊ ಎಂದರೆ ನೀರಾನೆ. ಅದರ ತೊಗಲಿನಿಂದ ಮಾಡಿದ ಚಾವಟಿಗೂ ಅದೇ ಹೆಸರು. ಕಿಬೊಕೊ ಅಮೆಅಂಗುಕ ಎಂದರೆ ನೀರಾನೆ ಬಿದ್ದಿದೆ, ಕಿಬೊಕೊ ಕಿಮೆಅಂಗುಕ ಎಂದರೆ ಚಾವಟಿ ಬಿದ್ದಿದೆ.

ಗುಂಪಿನ ಗುರುತು ವಿಶೇಷಣ, ಸಂಖ್ಯೆ, "ನನ್ನ, ನಿನ್ನ" ಎಲ್ಲಕ್ಕೂ ಹರಡುತ್ತದೆ, ಅವೆಲ್ಲ ನಾಮಪದದ ಹಿಂದೆ ಬರುತ್ತವೆ: ವಿತಬು ವ್ಯಂಗು ವಿವಿಲಿ ವಿಮೆಪೊತೆಅ, ನನ್ನ ಎರಡು ಪುಸ್ತಕ ಕಳೆದಿವೆ. ಹೊಸ ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ಏಕವಚನ, ಬಹುವಚನ, ಜೊತೆಗೊಂದು ಕ್ರಿಯಾಪದ, ಹೀಗೆ ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ನೈರೋಬಿಯ ಬೀದಿ ಮಾತಿನಲ್ಲಿ ಈ ಹೊಂದಾಣಿಕೆ ಬಹಳ ಸಡಿಲ, "ಕಿತಬು ಇಮೆಅಂಗುಕ" ಎನ್ನುವುದೂ ಕೇಳುತ್ತದೆ. ಕೇಳಿಸಿಕೊಳ್ಳಿ, ಬರೆಯಬೇಡಿ.

ಬಾಲಕ್ಕೆ ಹಚ್ಚುವವು

ಧಾತುವಿನ ಹಿಂದೆ, ಕೊನೆಯ "ಅ"ಕಾರಕ್ಕೆ ಮುಂಚೆ, ಅರ್ಥ ಬದಲಿಸುವ ತುಂಡುಗಳು ಸೇರುತ್ತವೆ. ಓದು, ಓದಿಸು ನಮಗೆ ಗೊತ್ತು. ಅಲ್ಲಿ ಸೊಮ, ಸೊಮೆಶ. ಯಾರಿಗಾಗಿ ಎನ್ನಲು ಇಅ/ಎಅ: ಪಿಕ ಅಡುಗೆ ಮಾಡು, ಪಿಕಿಅ ಒಬ್ಬರಿಗೆ ಅಡುಗೆ ಮಾಡಿ ಹಾಕು. ಪರಸ್ಪರ ಎನ್ನಲು ಅನ: ಪೆಂದನ, ಒಬ್ಬರನ್ನೊಬ್ಬರು ಪ್ರೀತಿಸು. ತಾನಾಗಿ ಆಗಿಹೋಗುವುದಕ್ಕೆ ಇಕ/ಎಕ: ವುಂಜ ಒಡೆ, ವುಂಜಿಕ ಒಡೆದುಹೋಗು. ಮಾಡಿದ್ದನ್ನು ಬಿಚ್ಚುವುದಕ್ಕೆ ಉಅ: ಫುಂಗ ಮುಚ್ಚು, ಫುಂಗುಅ ತೆರೆ.

ಇಅ ಬೇಕೋ ಎಅ ಬೇಕೋ ಎನ್ನುವುದನ್ನು ಧಾತುವಿನ ಸ್ವರ ನಿರ್ಧರಿಸುತ್ತದೆ. ಧಾತುವಿನಲ್ಲಿ ಎ ಅಥವಾ ಒ ಇದ್ದರೆ ಎಅ, ಎಶ, ಎಕ. ಅ, ಇ, ಉ ಇದ್ದರೆ ಇಅ, ಇಶ, ಇಕ. ಆದ್ದರಿಂದ ಸೊಮೆಅ, ಆದರೆ ಅಂದಿಕಿಅ.

ಕರ್ಮಣಿಗೆ "ವ". "ನನ್ನಿಂದ ಮಾಡಲ್ಪಟ್ಟಿತು" ಎಂದು ಕನ್ನಡದಲ್ಲಿ ಯಾರೂ ಮಾತಾಡುವುದಿಲ್ಲ, ಆದ್ದರಿಂದ ನಾವು ಸ್ವಾಹಿಲಿಯಲ್ಲೂ ಇದನ್ನು ತಪ್ಪಿಸುತ್ತೇವೆ. ಅಲ್ಲಿ ಇದು ದಿನಬಳಕೆಯ ಮಾತು: ಮ್ಲಂಗೊ ಉಮೆಫುಂಗ್ವ, ಬಾಗಿಲು ಮುಚ್ಚಿದೆ. ಚಕುಲ ಕಿಮೆಪಿಕ್ವ ನ ಮಮ, ಅಡುಗೆ ಅಮ್ಮ ಮಾಡಿದ್ದು.

ವಾಕ್ಯದ ಸಾಲು, ಸಣ್ಣಪುಟ್ಟವು

ಕರ್ತೃ, ಕ್ರಿಯಾಪದ, ಕರ್ಮ: ಜುಮ ಅನಸೊಮ ಕಿತಬು (ಜುಮ ಎಂಬವನು ಪುಸ್ತಕ ಓದುತ್ತಾನೆ). ಕ್ರಿಯಾಪದವನ್ನು ಕೊನೆಗೆ ತಳ್ಳುವ ನಮ್ಮ ಅಭ್ಯಾಸ ಇಲ್ಲಿ ಬೇಡ. ಪ್ರಶ್ನೆಗೆ ಸಾಲು ಬದಲಿಸಬೇಕಿಲ್ಲ: ಉನಸೊಮ ನಿನಿ? (ಏನು ಓದುತ್ತಿದ್ದೀಯ?)

"ನಾನು ಮೇಷ್ಟ್ರು" ಎನ್ನಲು ನಮಗೆ ಕ್ರಿಯಾಪದವೇ ಬೇಡ, ಅಲ್ಲಿ ನಡುವೆ "ನಿ" ಬೇಕು: ಮಿಮಿ ನಿ ಮ್ವಲಿಮು. ಅಲ್ಲ ಎನ್ನಲು "ಸಿ". ಈ "ನಿ" ಯಾರಿಗೂ ಬದಲಾಗದು. ನನ್ನ ಹತ್ತಿರ ಇದೆ: ನಿನ, ಇಲ್ಲ: ಸಿನ. ಎಲ್ಲಿದೆ ಎನ್ನಲು "ಕೊ": ಕಿತಬು ಕಿಕೊ ಮೆಜ಼ನಿ, ಪುಸ್ತಕ ಮೇಜಿನ ಮೇಲಿದೆ. ನಾಮಪದದ ಹಿಂದಿನ "ನಿ" ಸ್ಥಳ ತೋರಿಸುತ್ತದೆ. ಮನೆಗೆ, ಮನೆಯಲ್ಲಿ, ಮನೆಯಿಂದ ಮೂರಕ್ಕೂ ನ್ಯುಂಬನಿ ಒಂದೇ. ಹೋಗುವುದೋ ಬರುವುದೋ ಕ್ರಿಯಾಪದ ನೋಡಿ ತಿಳಿಯಬೇಕು.

ಆಜ್ಞೆಗೆ ಬರೀ ಧಾತು: ಸೊಮ! ಹಲವರಿಗೆ: ಸೊಮೆನಿ! ನ್ಜೊಒ (ಬಾ), ನೆಂದ (ಹೋಗು), ಲೆತೆ (ತಾ) ಮೂರು ನಿಯಮ ಮೀರಿದವು. ಮೆತ್ತಗೆ ಹೇಳಬೇಕಾದರೆ ಕಾಲದ ಖಾನೆ ಖಾಲಿ ಬಿಟ್ಟು ಬಾಲದ ಅ-ಕಾರವನ್ನು ಎ ಮಾಡಿ: ಉಸೊಮೆ, ನೀನು ಓದಬೇಕು. ಬೇಡ ಎನ್ನಲು ನಡುವೆ "ಸಿ": ಉಸಿಸೊಮೆ.

"ಪೇಟೆಗೆ ಹೋಗಿ, ಬಾಳೆಹಣ್ಣು ಕೊಂಡು, ಮನೆಗೆ ಬಂದೆ" ಎನ್ನುವಾಗ ನಾವು ಕಾಲವನ್ನು ಕೊನೆಯ ಕ್ರಿಯಾಪದಕ್ಕೆ ಮಾತ್ರ ಹಚ್ಚುತ್ತೇವೆ. ಅವರು ಮೊದಲನೆಯದಕ್ಕೆ ಹಚ್ಚಿ, ಉಳಿದವಕ್ಕೆ "ಕ" ಹಾಕುತ್ತಾರೆ: ನಿಲಿಎಂದ ಸೊಕೊನಿ, ನಿಕನುನುಅ ನ್ದಿಜ಼ಿ, ನಿಕರುದಿ ನ್ಯುಂಬನಿ. ಪ್ರತಿಯೊಂದರಲ್ಲೂ "ನಿ" ಇದೆ ನೋಡಿ, ಅದನ್ನು ಬಿಡುವಂತಿಲ್ಲ.

ಬಿಡಿಸಿ ನೋಡುವುದು

ನಿಘಂಟಿನಲ್ಲಿ ಸಿಗುವುದು ಧಾತು ಮಾತ್ರ, ತಲೆಯ ತುಂಡುಗಳನ್ನು ಕಳಚದೆ ಹುಡುಕಿದರೆ ಏನೂ ಸಿಗದು. "ಹವತಕುಅಂದಿಕಿಅ" ಎದುರಾಯಿತು ಎನ್ನಿ. ಎಡದಿಂದ ಕಳಚಿ. ಹ: ನಿಷೇಧ. ವ: ಅವರು. ತ: ಮುಂದೆ. ಕು: ನಿನಗೆ. ಉಳಿದದ್ದು ಅಂದಿಕಿಅ, ಅದರಲ್ಲಿ ಬಾಲದ ಇಅ ತೆಗೆದು ಅ ಹಾಕಿದರೆ ಅಂದಿಕ, ಬರೆ. ಅವರು ನಿನಗೆ ಬರೆಯುವುದಿಲ್ಲ.

ಇನ್ನೊಂದು: ಹವಕುನಿಸಇದಿಅ. ಹ, ವ, ಆಮೇಲೆ ಕು. ಕಾಲದ ಖಾನೆಯಲ್ಲಿ ಕೂತಿದ್ದರಿಂದ ಇದು "ನೀನು" ಅಲ್ಲ, ಭೂತ ನಿಷೇಧ. ನಿ: ನನಗೆ. ಉಳಿದದ್ದು ಸಇದಿಅ. ಇದರ ಬಾಲದಲ್ಲೂ ಇಅ ಕಾಣುತ್ತದೆ, ಆದರೆ ಕಳಚಲು ಹೋಗಬೇಡಿ. "ಸಹಾಯ ಮಾಡು" ಎಂಬ ಧಾತು ನಿಘಂಟಿನಲ್ಲಿ ಇರುವುದೇ ಹಾಗೆ. ಮೊದಲು ಪೂರ್ತಿ ರೂಪ ಹುಡುಕಿ, ಸಿಗದಿದ್ದರೆ ಮಾತ್ರ ಬಾಲ ಕತ್ತರಿಸಿ.

ಅಭ್ಯಾಸಕ್ಕೆ ಸೊಮ, ಅಂದಿಕ, ಒನ, ಕುಲ, ಫಿಕಿರಿ ಈ ಐದು ಸಾಕು. ಒಂದೊಂದಕ್ಕೂ ಆರು ಪುರುಷ, ನಾಲ್ಕು ಕಾಲ, ಹೌದು ಮತ್ತು ಇಲ್ಲ: 48 ರೂಪ. ಕುಲ ಧಾತುವಿನ 48ನ್ನೂ ಪುಸ್ತಕ ನೋಡದೆ ಬರೆಯಲು ಬಂದ ಮೇಲೆ ಕರ್ಮದ ಖಾನೆ ಸೇರಿಸಿ.